ಪಕ್ಕದ ಹಾಸಿಗೆಗೆ ಬರುತ್ತಿದ್ದವರು

ಇದನ್ನು ನಂಬದೇ ಇರಲು ನಿಮಗೆ ಸುಲಭವಾದ ಕಾರಣವೊಂದಿದೆ. ಇದು ನಡೆದಾಗ ನಾನು ಮಾನಸಿಕ ಆಸ್ಪತ್ರೆಯ ವಾರ್ಡಿನಲ್ಲಿದ್ದೆ, ರೋಗಿಯಾಗಿ. "ಅಯ್ಯೋ, ಅಲ್ಲಿರೋರಿಗೆ ಏನೇನೋ ಕಾಣ್ಸುತ್ತೆ ಬಿಡಿ" ಅಂತ ನೀವಂದರೆ ನನಗೆ ಬೇಜಾರಿಲ್ಲ. ನನ್ನ ಅಕ್ಕನೇ ಹಾಗಂದಳು. ಆದರೂ ಹೇಳುತ್ತೇನೆ. ಇದು ಕನಸಲ್ಲ, ಮಾತ್ರೆಯ ಮಂಪರಲ್ಲ. ನಡೆದದ್ದು.

ನನ್ನ ಹೆಸರು ಶೈಲಜಾ. ಆರ್.ಟಿ. ನಗರದಲ್ಲಿ ಒಂದು ಚಿಕ್ಕ ಬ್ಯೂಟಿ ಪಾರ್ಲರ್ ನಡೆಸುತ್ತಿದ್ದೆ. ಏನಾಯಿತು ಎಂದು ಈಗಲೂ ಸರಿಯಾಗಿ ಹೇಳಲಾರೆ. ಮೊದಲು ನಿದ್ದೆ ಹೋಯಿತು, ಆಮೇಲೆ ಹಸಿವು, ಆಮೇಲೆ ಮಾತು. ಪಾರ್ಲರಿನ ಶಟರ್ ಎತ್ತಲು ಕೈ ಏಳಲಿಲ್ಲ. ಒಂದು ಬೆಳಿಗ್ಗೆ ನಾನು ಟೆರೇಸಿನ ಅಂಚಿನಲ್ಲಿ ಸುಮ್ಮನೆ ನಿಂತಿದ್ದನ್ನು ನೋಡಿ ನನ್ನ ಗಂಡ ಗಿರೀಶ್ ಹೆದರಿಬಿಟ್ಟರು. ಅವತ್ತೇ ಯಲಹಂಕದ ಆಚೆ ಇರುವ ಒಂದು ಆಸ್ಪತ್ರೆಗೆ ಸೇರಿಸಿದರು.

ಒಳಗಿನ ಬದುಕಿನಲ್ಲಿ ಕಿರುಚಾಟ ಕಡಿಮೆ, ಕಾಯುವುದೇ ಜಾಸ್ತಿ. ತಿಂಡಿಗೆ ಕಾಯಬೇಕು, ಮಾತ್ರೆಗೆ ಕಾಯಬೇಕು, ಡಾಕ್ಟರಿಗೆ ಕಾಯಬೇಕು. ಮೊಬೈಲು, ದುಪಟ್ಟಾ, ಹೇರ್‌ಪಿನ್ನು, ಲಂಗದ ಲಾಡಿ ಎಲ್ಲವನ್ನೂ ಬಾಗಿಲಲ್ಲೇ ತೆಗೆದಿಟ್ಟುಕೊಳ್ಳುತ್ತಾರೆ. ಮಾತ್ರೆ ನುಂಗಿದ ಮೇಲೆ ಬಾಯಿ ತೆರೆದು, ನಾಲಿಗೆ ಎತ್ತಿ ತೋರಿಸಬೇಕು. ಒಬ್ಬರು ರಿಟೈರ್ಡ್ ಟೀಚರ್ ಇದ್ದರು. ಯಾರು ತಟ್ಟೆ ಖಾಲಿ ಮಾಡಿದರೂ "ವೆರಿ ಗುಡ್" ಎಂದು ಬೆನ್ನು ತಟ್ಟುತ್ತಿದ್ದರು. ಹಗಲಲ್ಲಿ ಏರ್‌ಫೋರ್ಸ್ ವಿಮಾನ ಮೇಲೆ ಹಾದರೆ ಕಿಟಕಿಗಳೆಲ್ಲ ಗಡಗಡ ಅನ್ನುತ್ತಿದ್ದವು. ಎಲ್ಲರೂ ಒಟ್ಟಿಗೆ ತಲೆಯೆತ್ತಿ ಚಾವಣಿ ನೋಡುತ್ತಿದ್ದೆವು. ಆ ಒಂದು ಗಳಿಗೆ ಒಂದೇ ಮನೆಯವರ ಹಾಗೆ.

ಮನೆಯವರನ್ನು ನೋಡಲು ಬಿಡುತ್ತಿದ್ದದ್ದು ಸಂಜೆ ಒಂದು ಗಂಟೆ ಹೊತ್ತು ಮಾತ್ರ. ಗಿರೀಶ್ ಭಾನುವಾರ ಬರುತ್ತಿದ್ದರು. "ಹೆಬ್ಬಾಳದಲ್ಲಿ ಸಿಕ್ಕಾಪಟ್ಟೆ ಟ್ರಾಫಿಕ್ ಕಣೇ" ಎಂದು ಶುರು ಮಾಡಿ, "ಮತ್ತೆ?" ಎಂದು ಕೇಳಿ, ಗೋಡೆಯ ಗಡಿಯಾರ ನೋಡುತ್ತಿದ್ದರು. ಕೆಟ್ಟವರೇನಲ್ಲ. ನನ್ನನ್ನು ಮುಟ್ಟಿದರೆ ಎಲ್ಲಿ ಒಡೆದುಹೋಗುತ್ತೇನೋ ಎಂಬ ಭಯ ಅವರಿಗೆ. ತಿಂಗಳುಗಳಿಂದ ಒಬ್ಬರೂ ನನ್ನ ತಲೆಯ ಮೇಲೆ ಕೈ ಇಟ್ಟಿರಲಿಲ್ಲ.

ನನ್ನ ಪಕ್ಕದ ಹಾಸಿಗೆ ಫರ್ಹಾನಾಳದ್ದು. ಯಶವಂತಪುರದ ಹುಡುಗಿ, ಡಿಗ್ರಿ ಓದುತ್ತಿದ್ದಳು. ತೆಳ್ಳಗೆ, ಬಿಳುಚಿಕೊಂಡು, ಗೋಡೆ ನೋಡುತ್ತಾ ಮಲಗಿರುತ್ತಿದ್ದಳು. ಅವಳ ಮನೆಯಿಂದಲೂ ಅಣ್ಣನೊಬ್ಬ ಭಾನುವಾರ ಬಂದು ಹೋಗುತ್ತಿದ್ದ, ಅಷ್ಟೇ.

ಹಾಗಂತ ನಾನು ಅಂದುಕೊಂಡಿದ್ದೆ...

ಒಂದು ರಾತ್ರಿ, ಊಟ ಮಾತ್ರೆ ಎಲ್ಲ ಮುಗಿದು, ಆಗ ತಾನೇ ಲೈಟ್ ಆರಿಸಿದ್ದರು. ನರ್ಸ್ ಕೂರುವ ಜಾಗದಲ್ಲಿ ಮಾತ್ರ ಒಂದು ನೀಲಿ ಬಲ್ಬು. ದೂರದಲ್ಲಿ ಯಲಹಂಕ ಜಂಕ್ಷನ್‌ನಿಂದ ಹೊರಟ ರೈಲಿನ ಕೂಗು. ಕಣ್ಣು ಮುಚ್ಚಿದ್ದೆ.

ತಟ್... ತಟ್... ತಟ್...

ಮಗುವನ್ನು ಮಲಗಿಸುವಾಗ ಅಂಗೈಯಿಂದ ಮೆಲ್ಲಗೆ ತಟ್ಟುತ್ತಾರಲ್ಲ, ಆ ಸದ್ದು. ಜೊತೆಗೆ ಬಾಯಿ ಮುಚ್ಚಿಕೊಂಡೇ ಗುನುಗುವ ದನಿ. ಮತ್ತೆ ಒಂದು ವಾಸನೆ... ಫಿನಾಯಿಲ್ ಬಿಟ್ಟರೆ ಬೇರೇನೂ ಇಲ್ಲದ ಆ ವಾರ್ಡಿನಲ್ಲಿ, ಬಿಸಿಲಲ್ಲಿ ಒಣಗಿಸಿ ಆಗಷ್ಟೇ ಮಡಚಿದ ಬಟ್ಟೆಯ ವಾಸನೆ.

ಕಣ್ಣು ಬಿಟ್ಟೆ. ಫರ್ಹಾನಾಳ ಹಾಸಿಗೆಯ ಅಂಚಿನಲ್ಲಿ ಒಬ್ಬ ಹೆಂಗಸು ಕೂತಿದ್ದರು. ನನ್ನ ಕಡೆಗೆ ಬೆನ್ನು. ದಪ್ಪ ನೂಲಿನ ಸೀರೆ, ತಲೆಯ ಮೇಲೆ ಸೆರಗು. ಬಲಗೈ ಮೇಲೆ ಕೆಳಗೆ ಆಡುತ್ತಿತ್ತು. ತಟ್... ತಟ್...

ನಿಜ ಹೇಳುತ್ತೇನೆ, ನನಗೆ ಭಯವೇ ಆಗಲಿಲ್ಲ. ಅವಳ ಅಜ್ಜಿಯೋ ದೊಡ್ಡಮ್ಮನೋ ಇರಬೇಕು ಅಂದುಕೊಂಡೆ. ಎದೆಯಲ್ಲಿ ಎದ್ದದ್ದು ಬೇರೆ. ಇವಳಿಗೆ ಮಾತ್ರ ಹೇಗೆ? ಯಾರ ಪರಿಚಯ ಇದೆ ಇವಳ ಮನೆಯವರಿಗೆ? ನಮಗೆಲ್ಲ ಸಂಜೆ ಒಂದು ಗಂಟೆ, ಇವಳಿಗೆ ರಾತ್ರಿ ಬಂದು ತಟ್ಟಿ ಮಲಗಿಸುವವರು!

ಮಾರನೆಯ ರಾತ್ರಿಯೂ ಬಂದರು. ಅದರ ಮಾರನೆಯ ರಾತ್ರಿಯೂ. ಬಾಗಿಲು ತೆರೆದ ಸದ್ದು ಒಂದು ಸಲವೂ ಕೇಳಲಿಲ್ಲ. ಅದನ್ನು ಯೋಚಿಸುವಷ್ಟು ತಾಳ್ಮೆ ನನಗೆಲ್ಲಿತ್ತು? ಹೊಟ್ಟೆ ಉರಿಯುತ್ತಿತ್ತು. ಹೊದಿಕೆಯನ್ನು ಬಾಯಿಗೆ ಒತ್ತಿಕೊಂಡು, ಆ ಕೈ ಎಷ್ಟು ಹೊತ್ತು ಆಡುತ್ತದೆ ಎಂದು ನೋಡುತ್ತಾ ಮಲಗಿರುತ್ತಿದ್ದೆ. ಬೇರೆ ಯಾವುದರ ಮೇಲೂ ಆಸೆ ಉಳಿಯದಿದ್ದ ನನಗೆ ಅದೊಂದು ಬೇಕಿತ್ತು. ನನ್ನ ಬೆನ್ನಿನ ಮೇಲೆ ಆ ಕೈ.

ಹಗಲಲ್ಲಿ ಫರ್ಹಾನಾಳನ್ನು ಕಂಡರಾಗುತ್ತಿರಲಿಲ್ಲ. ಕೇರಂ ಆಡಲು ಬಂದರೆ ಎದ್ದು ಹೋಗುತ್ತಿದ್ದೆ. ಟೀವಿ ಮುಂದೆ ಜಾಗ ಬಿಡುತ್ತಿರಲಿಲ್ಲ. ಅವಳೂ ನನ್ನನ್ನು ಓರೆಗಣ್ಣಿನಿಂದ ನೋಡಿ ಮುಖ ತಿರುಗಿಸುತ್ತಿದ್ದಳು. ಎಷ್ಟು ಜಂಭ ಅಂದುಕೊಂಡೆ.

ಕೊನೆಗೆ ತಡೆಯಲಾಗದೆ ಒಂದು ಸಂಜೆ ನೈಟ್ ಡ್ಯೂಟಿಯ ಸಿಸ್ಟರ್ ಮೇರಿಯನ್ನು ಕೇಳಿಯೇಬಿಟ್ಟೆ.

"ಸಿಸ್ಟರ್, ರಾತ್ರಿ ಹೊತ್ತು ಮನೆಯವ್ರನ್ನ ಬಿಡೋದಾದ್ರೆ ಎಲ್ರಿಗೂ ಬಿಡಿ. ಒಬ್ರಿಗೊಂದು, ಇನ್ನೊಬ್ರಿಗೊಂದು ರೂಲ್ಸಾ?"

"ಯಾರನ್ನ ಬಿಟ್ಟಿದೀವಿ, ಮೇಡಂ?"

"ಫರ್ಹಾನಾ ಹತ್ರ ಬರ್ತಾರಲ್ಲ, ವಯಸ್ಸಾದೋರು."

ಸಿಸ್ಟರ್ ಮಾತ್ರೆಯ ಟ್ರೇ ಕೆಳಗಿಟ್ಟರು. "ಗ್ರಿಲ್‌ಗೆ ಬೀಗ ಹಾಕಿ ಕೀ ನಾನೇ ಇಟ್ಕೋತೀನಿ. ರಾತ್ರಿ ಯಾರೂ ಬರಲ್ಲ." ಆಮೇಲೆ ದನಿ ತಗ್ಗಿಸಿ, ತುಂಬಾ ಮೃದುವಾಗಿ, "ದಿನಾ ಕಾಣಿಸ್ತಾರಾ, ಶೈಲಜಾ ಅವ್ರೇ?" ಎಂದು ಕೇಳಿದರು.

ಆ ಮೃದು ದನಿಗೆ ಅರ್ಥ ಏನೆಂದು ವಾರ್ಡಿನಲ್ಲಿದ್ದ ಯಾರಿಗಾದರೂ ಗೊತ್ತು. ಆ ವಾರವೇ ಡಾಕ್ಟರು ನನ್ನನ್ನು ಮನೆಗೆ ಕಳಿಸುವ ಮಾತಾಡಿದ್ದರು. ಹೂಂ ಅಂದರೆ ಅದು ಅಲ್ಲಿಗೇ ನಿಲ್ಲುತ್ತಿತ್ತು.

"ಇಲ್ಲ ಸಿಸ್ಟರ್. ಕನಸಿರ್ಬೇಕು" ಎಂದು ಬಂದುಬಿಟ್ಟೆ.

ಅವತ್ತು ರಾತ್ರಿಯೂ ಆ ಹೆಂಗಸು ಬಂದರು. ಅದೇ ಬೆನ್ನು, ಅದೇ ವಾಸನೆ. ಹಾಗಾದರೆ ಇವರು... ಮೈ ಜುಂ ಎಂದಿತು. ಹೇಳಲು ನಾಚಿಕೆಯಾಗುತ್ತದೆ, ಆಗಲೂ ಹೊಟ್ಟೆಕಿಚ್ಚು ಆರಲಿಲ್ಲ. ಮನುಷ್ಯರಲ್ಲದಿದ್ದರೂ ಸರಿ, ಅವಳ ಹತ್ತಿರವೇ ಯಾಕೆ ಬರಬೇಕು?

ಫರ್ಹಾನಾ ಚೇತರಿಸಿಕೊಳ್ಳುತ್ತಾ ಬಂದಳು. ನನಗಿಂತ ಮೊದಲು ಅವಳ ಡಿಸ್ಚಾರ್ಜ್ ಆಯಿತು. ಬಟ್ಟೆ ಮಡಚಿ ಚೀಲಕ್ಕೆ ತುಂಬುತ್ತಿದ್ದವಳು ತಟ್ಟನೆ ನಿಲ್ಲಿಸಿ ನನ್ನ ಹತ್ತಿರ ಬಂದು ಕೂತಳು.

"ಆಂಟಿ, ಒಂದ್ ಮಾತು ಕೇಳ್ಲಾ? ಬೈಬಾರ್ದು."

"ಕೇಳು."

"ನಿಮ್ ಮೇಲೆ ನಂಗೆ ತುಂಬಾ ಕೋಪ ಇತ್ತು. ಸಾರಿ. ರಾತ್ರಿ ನಿಮ್ ಹತ್ರ ಬಂದು ಕೂತ್ಕೋತಾರಲ್ಲ... ಅವ್ರು ನಿಮ್ಮಮ್ಮನಾ?"

"ಯಾರು?" ಎಂದೆ.

"ಅದೇ, ಸೆರಗು ಹೊದ್ಕೊಂಡು. ನಿಮ್ ಬೆಡ್ ಮೇಲೇ ಕೂತಿರ್ತಾರೆ. ನಂಗೆ ಬೆನ್ನು ಮಾತ್ರ ಕಾಣೋದು. ನಿಮ್ಮನ್ನ ತಟ್ಟಿ ಮಲಗಿಸ್ತಾ ಇರ್ತಾರೆ." ಅವಳ ಕಣ್ಣು ತುಂಬಿತ್ತು. "ನಮ್ಮಮ್ಮಿ ಹೋಗಿ ಎಷ್ಟೋ ವರ್ಷ ಆಯ್ತು ಆಂಟಿ. ನಿಮ್ಮನ್ನ ನೋಡಿ ಹೊಟ್ಟೆ ಉರೀತಿತ್ತು ನಂಗೆ. ಗೋಡೆ ಕಡೆ ತಿರುಗಿ ಅಳ್ತಿದ್ದೆ."

ನಾನು ಅವಳ ಮಣಿಕಟ್ಟನ್ನು ಗಟ್ಟಿಯಾಗಿ ಹಿಡಿದುಕೊಂಡೆ. "ಫರ್ಹಾನಾ... ನನ್ನ ಹತ್ರ ಯಾರೂ ಬರ್ತಿರ್ಲಿಲ್ಲ. ಅವ್ರು ಕೂರ್ತಿದ್ದಿದ್ದು ನಿನ್ನ ಹಾಸಿಗೆ ಮೇಲೆ."

ಅವಳು ನಗಲು ನೋಡಿದಳು, ಆಗಲಿಲ್ಲ. ನನ್ನ ಮುಖವನ್ನೇ ನೋಡುತ್ತಾ ಕೂತಳು.

"ನನ್ನನ್ನ ಯಾರೂ ಮುಟ್ಟಿಲ್ಲ ಆಂಟಿ. ಒಂದಿನಾನೂ" ಎಂದು ಪಿಸುಗುಟ್ಟಿದಳು.

ಅಷ್ಟರಲ್ಲಿ ಅವಳ ಅಣ್ಣ ಗ್ರಿಲ್ ಹತ್ತಿರ ಬಂದು ಕರೆದ. ಅವಳು ಹಿಂತಿರುಗಿ ನೋಡುತ್ತಲೇ ಹೊರಟುಹೋದಳು.

ಅವತ್ತು ರಾತ್ರಿ ಪಕ್ಕದ ಹಾಸಿಗೆ ಖಾಲಿ. ಆಯಾ ಹೊಸ ಬೆಡ್‌ಶೀಟ್ ಹಾಸಿ, ಒಂದು ಸುಕ್ಕೂ ಇಲ್ಲದ ಹಾಗೆ ಎಳೆದು ಹೋಗಿದ್ದಳು. ಲೈಟ್ ಆರಿತು. ಇನ್ನು ಅವರು ಬರುವುದಿಲ್ಲ, ಬಂದರೂ ನನ್ನ ಬಳಿಯೇ ಬರಬೇಕು ಎಂದುಕೊಂಡೆ. ಭಯವೂ ಇತ್ತು. ಆಸೆಯೂ ಇತ್ತು. ನನ್ನ ಹಾಸಿಗೆಯಲ್ಲಿ ಒಬ್ಬರು ಕೂರುವಷ್ಟು ಜಾಗ ಬಿಟ್ಟು ಸರಿದು ಮಲಗಿದೆ...

ಬಿಸಿಲಿಗೆ ಒಣಗಿದ ಬಟ್ಟೆಯ ವಾಸನೆ ಬಂತು.

ತಟ್... ತಟ್...

ಖಾಲಿ ಹಾಸಿಗೆಯ ಅಂಚಿನಲ್ಲಿ ಕೂತಿದ್ದರು. ನನಗೆ ಬೆನ್ನು ಮಾಡಿ. ಯಾರೂ ಇಲ್ಲದ ಬೆಡ್‌ಶೀಟನ್ನು ಅಷ್ಟೇ ಅಕ್ಕರೆಯಿಂದ ತಟ್ಟುತ್ತಿದ್ದರು.

ನನಗೆ ಅಳು ಉಕ್ಕಿತು. ಖಾಲಿ ಹಾಸಿಗೆಯ ಮೇಲೂ ಯಾರಿಗಾದರೂ ಹೊಟ್ಟೆಕಿಚ್ಚಾಗುತ್ತದೆಯೇ? ನನಗಾಯಿತು. ಎದ್ದು ಕೂತೆ.

"ಈ ಕಡೆ ತಿರುಗಿ... ಒಂದ್ಸಲ ನನ್ನ ಕಡೆ ತಿರುಗಿ, ಅಮ್ಮಾ."

ಗುನುಗು ನಿಂತಿತು. ಆಡುತ್ತಿದ್ದ ಕೈ ಹಾಗೇ ಮೇಲೆ ನಿಂತಿತು. ಇಡೀ ವಾರ್ಡಿನಲ್ಲಿ ಒಬ್ಬರ ಉಸಿರಿನ ಸದ್ದೂ ಇಲ್ಲ.

ಅವರು ನಿಧಾನವಾಗಿ ಎದ್ದರು. ತಿರುಗಿದರು. ಸೀರೆ ಸರಪರ ಎಂದಿದ್ದು ಕಿವಿಗೆ ಕೇಳಿತು. ಭುಜ ತಿರುಗಿದ್ದನ್ನು, ಸೆರಗಿನ ಅಂಚು ಸುತ್ತಿ ಬಂದದ್ದನ್ನು ಈ ಕಣ್ಣಿಂದಲೇ ನೋಡಿದೆ. ಪೂರ್ತಿ ನನ್ನ ಕಡೆಗೆ ತಿರುಗಿ ನಿಂತರು.

ಆದರೆ ನನಗೆ ಕಂಡದ್ದು ಮತ್ತೆ ಬೆನ್ನೇ.

ಅದೇ ಬೆನ್ನು... ಅದೇ ಸೆರಗು...

ಟಾರ್ಚಿನ ಬೆಳಕು ಮುಖಕ್ಕೆ ಬಿತ್ತು. "ಯಾರ ಜೊತೆ ಮಾತಾಡ್ತಿದೀರಾ?" ಸಿಸ್ಟರ್ ಮೇರಿ. ಎರಡು ಹಾಸಿಗೆಯ ನಡುವೆ ಯಾರೂ ಇರಲಿಲ್ಲ.

ಸಿಸ್ಟರ್ ಟಾರ್ಚನ್ನು ಪಕ್ಕದ ಹಾಸಿಗೆಗೆ ತಿರುಗಿಸಿ ಹಾಗೇ ನಿಂತರು. ಸುಕ್ಕಿಲ್ಲದ ಬೆಡ್‌ಶೀಟಿನ ಅಂಚಿನಲ್ಲಿ, ಒಬ್ಬರು ಬಹಳ ಹೊತ್ತು ಕೂತು ಎದ್ದ ಗುಂಡಿ. ಸಿಸ್ಟರ್ ಅದರ ಮೇಲೆ ಕೈ ಇಟ್ಟು, ಬಿಸಿ ತಾಗಿದವರ ಹಾಗೆ ಸರಕ್ಕನೆ ಎಳೆದುಕೊಂಡರು.

"ನೀವ್ ತಾನೇ ಇಲ್ಲಿ ಕೂತಿದ್ದು?" ಅವರ ದನಿ ಸಣ್ಣಗಾಗಿತ್ತು. ಹೂಂ ಅನ್ನಿ ಎಂದು ಬೇಡಿಕೊಳ್ಳುವ ಹಾಗಿತ್ತು.

"ಹೂಂ ಸಿಸ್ಟರ್. ನಾನೇ."

ಆ ವಾರದ ಕೊನೆಗೆ ನಾನು ಮನೆಗೆ ಬಂದೆ. ಈಗ ಚೆನ್ನಾಗಿದ್ದೇನೆ. ಮಾತ್ರೆ ತಪ್ಪಿಸುವುದಿಲ್ಲ, ಪಾರ್ಲರ್ ತೆರೆದಿದ್ದೇನೆ, ಗಿರೀಶ್ ಈಗೀಗ ಮಾತಿನ ನಡುವೆ ನನ್ನ ಕೈ ಹಿಡಿದುಕೊಳ್ಳುತ್ತಾರೆ. ಚೆಕಪ್ಪಿಗೆ ಹೋದಾಗ ಡಾಕ್ಟರಿಗೆ ಎಲ್ಲವನ್ನೂ ಹೇಳಿದೆ. ಅವರು ನಗದೆ ಕೇಳಿಸಿಕೊಂಡರು. ಔಷಧಿಯ ಪರಿಣಾಮ ಇರಬಹುದು ಎಂದರು. ಇಬ್ಬರಿಗೂ ಒಂದೇ ಬೆನ್ನು ಹೇಗೆ ಕಂಡಿತು ಎಂದು ಕೇಳಿದ್ದಕ್ಕೆ ಪೆನ್ನು ಕೆಳಗಿಟ್ಟು, ನನ್ನ ಫೈಲನ್ನು ಮತ್ತೆ ಮೊದಲಿನಿಂದ ತಿರುವಿ ನೋಡಿದರು.

ಹೊರಡುವಾಗ ಮಹಿಳಾ ವಾರ್ಡಿನ ಗ್ರಿಲ್ ಮುಂದೆ ಹಾದು ಬರಬೇಕಿತ್ತು. ಒಳಗೆ ನಮ್ಮ ಹಾಸಿಗೆಗಳಲ್ಲಿ ಬೇರೆ ಇಬ್ಬರಿದ್ದರು. ಇಬ್ಬರನ್ನೂ ನಾನು ಕಂಡವಳಲ್ಲ. ಒಬ್ಬಳಿಗೊಬ್ಬಳು ಬೆನ್ನು ತಿರುಗಿಸಿ, ಮುಖ ಗಂಟಿಕ್ಕಿಕೊಂಡು ಕೂತಿದ್ದರು.

ಗ್ರಿಲ್ ಹಿಡಿದು ಹಾಗೇ ನಿಂತುಬಿಟ್ಟೆ. ಹೆದರಬೇಕಿತ್ತು ನಾನು... ಹೊಟ್ಟೆ ಉರಿಯಿತು.