ಅತಿಥಿಗೆ ಕಾಯದ ಆಟ

ಕಳೆದ ಭಾನುವಾರ, ಬೆಳಿಗ್ಗೆ ಏಳು ಗಂಟೆ, ನಮ್ಮ ಗಡಿನಾಡಿನ ವಿಶ್ರಾಮಬಾಗದ ಒಂದು ಕಾಲೇಜಿನ ಮೈದಾನ. ಹಾಜರಿದ್ದವರು ನಾನು, ಆ ಕಾಲೇಜಿನ ಕ್ರೀಡಾ ಮಂಡಳದ ಸೆಕ್ರೆಟರಿಯಾದ ನನ್ನ ಮೊಮ್ಮಗಳು, ಅವಳ ಖೋ-ಖೋ ತಂಡದ ಹುಡುಗಿಯರು. ಮಿರಜದ ಕಾಲೇಜಿನ ಹುಡುಗಿಯರೊಂದಿಗೆ ಎಂಟು ಗಂಟೆಗೆ ಫೈನಲ್ ಇತ್ತು. ಮೊಮ್ಮಗಳು ಬಗ್ಗಿ, ಹಗ್ಗದ ಗುಂಟ ಫಕ್ಕಿ ಉದುರಿಸುತ್ತ ಗೆರೆ ಹಾಕುತ್ತಿದ್ದಳು. ಆಟದ ಅಂಗಳಕ್ಕೆ ಗುರುತು ಹಾಕುವ ಬಿಳಿ ಪುಡಿಗೆ ನಮ್ಮ ಕಡೆ ಫಕ್ಕಿ ಅನ್ನುತ್ತಾರೆ. ಗಾಳಿ ತಿರುಗಿ ಪುಡಿ ನನ್ನ ಮುಖಕ್ಕೆ ಬಂತು. ಆ ಒಣ ಸುಣ್ಣದ ವಾಸನೆ ಮೂಗಿಗೆ ಹತ್ತಿದ್ದೇ ತಡ, ನಮ್ಮ ಕ್ಯಾಪ್ಟನ್ ಅಕ್ಕ ಎದುರಿಗೆ ಬಂದು ನಿಂತಂತಾಯಿತು...

ಐವತ್ತು ವರ್ಷಗಳ ಹಿಂದಿನ ಮಾತು. ಅಕ್ಕ ಎಂದೇ ನಾವೆಲ್ಲ ಕರೆಯುತ್ತಿದ್ದ ಆಕೆ ಅದೇ ಕಾಲೇಜಿನಲ್ಲಿ ನನಗಿಂತ ಮುಂದಿನ ವರ್ಗದಲ್ಲಿದ್ದಳು. ಮ್ಹೈಸಾಳದಿಂದ ಬೆಳಗಿನ ಮೊದಲ ಬಸ್ಸಿಗೆ ಬರುತ್ತಿದ್ದಳು. ಮನೆಯಲ್ಲಿ ಕಬ್ಬಿನ ಹೊಲ, ಜೈನರ ಮನೆತನ. ಹೊತ್ತು ಮುಳುಗಿದ ಮೇಲೆ ಊಟವಿಲ್ಲ. ಆಟ ತಡವಾದರೆ ಮರುದಿನದ ಬೆಳಗಿನವರೆಗೆ ಉಪವಾಸ. ಅದನ್ನು ಆಕೆ ಯಾರೆದುರೂ ಹೇಳಿಕೊಂಡವಳಲ್ಲ; ಡಬ್ಬಿ ಬಿಚ್ಚದೆ ಮನೆಗೆ ಒಯ್ಯುವುದನ್ನು ನೋಡಿ ನಾವೇ ತಿಳಿದುಕೊಂಡಿದ್ದೆವು.

ಆಗ ಹುಡುಗಿಯರ ಆಟಗಳನ್ನು ಹುಡುಗಿಯರೇ ನಡೆಸುತ್ತಿದ್ದರು. ಆಡುವವರು ಸೇರಿ ಕ್ಯಾಪ್ಟನ್ನನ್ನು ಆರಿಸುತ್ತಿದ್ದರು. ಎಲ್ಲ ಆಟಗಳ ಕ್ಯಾಪ್ಟನ್‌ಗಳು ಕೂತು ಸೆಕ್ರೆಟರಿಯನ್ನು ಆರಿಸುತ್ತಿದ್ದರು. ಯಾವ ತಂಡಕ್ಕೆ ಯಾವಾಗ ಮೈದಾನ, ಹೊರಗಿನ ತಂಡ ಬಂದರೆ ಮಿರಜ ಸ್ಟೇಷನ್ನಿಗೆ ಯಾರು ಹೋಗಬೇಕು, ಪಂಚರಾಗಿ, ಅಂದರೆ ತೀರ್ಪುಗಾರರಾಗಿ, ಯಾರನ್ನು ಕರೆಯಬೇಕು, ಎಲ್ಲ ಅವರದೇ ನಿರ್ಧಾರ. ಪ್ರಾಧ್ಯಾಪಕರು ಸಹಿ ಮಾಡುತ್ತಿದ್ದರು, ಅಷ್ಟೆ. ತಂಡದ ಆಯ್ಕೆ ಮೈದಾನದಲ್ಲೇ, ಎಲ್ಲರ ಎದುರಿಗೇ. ಆಯ್ಕೆಯಾಗದವಳು ಮುಖ ಉಬ್ಬಿಸಿಕೊಂಡು ಮನೆಗೆ ಹೋಗುವಂತಿರಲಿಲ್ಲ. ಗಡಿಯಾರ ಹಿಡಿದು ಹೊತ್ತು ನೋಡುವ ಕೆಲಸ ಅವಳದು. ಇದೆಲ್ಲಕ್ಕಿಂತ ದೊಡ್ಡ ಪದ್ಧತಿ ಇನ್ನೊಂದಿತ್ತು. ಗೆರೆ ಹಾಕಿದವಳು ಆಟ ಶುರು ಮಾಡಬೇಕು. ಪ್ರಿನ್ಸಿಪಾಲರು ಬಂದಿರಲಿ, ಬಿಟ್ಟಿರಲಿ, ಬಗ್ಗಿ ಮಣ್ಣಿನ ಮೇಲೆ ಗೆರೆ ಎಳೆದವಳು ‘ಶುರು’ ಅಂದಾಗಲೇ ಶುರು. ಅಕ್ಕ ಆ ಕೆಲಸವನ್ನು ಬೇರೆಯವರಿಗೆ ಬಿಟ್ಟದ್ದನ್ನು ನಾನು ನೋಡಲೇ ಇಲ್ಲ.

ಮುಂದೆ ನಾನು ಮಿರಜದ ಆಸ್ಪತ್ರೆಯ ವಾರ್ಡಿನಲ್ಲಿ ನೌಕರಿ ಮಾಡಿದೆ. ಹೊತ್ತಿಗೆ ಸರಿಯಾಗಿ ಕೆಲಸ ಮಾಡುವುದನ್ನು ಅಲ್ಲಿ ಕಲಿತೆ ಎಂದು ಜನ ತಿಳಿದಿದ್ದಾರೆ. ಅಲ್ಲ. ಕಲಿತದ್ದು ಅಕ್ಕನ ಮೈದಾನದಲ್ಲಿ.

ಆ ವರ್ಷ ಕಾಲೇಜುಗಳ ನಡುವಿನ ಪಂದ್ಯಾವಳಿ ನಮ್ಮಲ್ಲಿತ್ತು. ಫೈನಲ್ ಸಂಜೆ ನಾಲ್ಕಕ್ಕೆ. ಬಹುಮಾನ ಕೊಡಲು ಊರಿನ ಒಬ್ಬ ದೊಡ್ಡ ಪುಢಾರಿಯನ್ನು ಕರೆದಿದ್ದರು; ಅತಿಥಿಗೆ ನಮ್ಮ ಮಾತಿನಲ್ಲಿ ಪಾವಣೇರು. ನಾಲ್ಕಾಯಿತು, ಐದಾಯಿತು. ಎರಡೂ ತಂಡದ ಹುಡುಗಿಯರು ಅಂಗಳದ ಅಂಚಿಗೆ ಕುಕ್ಕರುಗಾಲಿನಲ್ಲಿ ಕೂತೇ ಇದ್ದರು. ಎದುರಾಳಿ ತಂಡದವರು ಮಿರಜದಿಂದ ರಾತ್ರಿಯ ಗಾಡಿ ಹಿಡಿಯಬೇಕಿತ್ತು. ನಮ್ಮ ತಂಡದ ಲಿಂಗನೂರಿನ ಹುಡುಗಿಗೆ ಕೊನೆಯ ಬಸ್ಸು. ಆಕೆ ಕುರಿ ಸಾಕುವವರ ಮನೆಯ ಮಗಳು, ಬಾಯಿ ಬಹಳ ಚುರುಕು.

“ಅಕ್ಕಾ, ಪಾವಣೇರು ಬಂದು ಖೋ ಕೊಡತಾರೇನ್ರಿ?” ಎಂದಳು. “ಹಂಗಿದ್ರ ಅವರಿಗೂ ಒಂದ್ ಚಡ್ಡಿ ತರಸ್ರಿ.”

ನಾವೆಲ್ಲ ನಕ್ಕೆವು. ಅಕ್ಕ ನಗಲಿಲ್ಲ, ಹೊತ್ತಿನ ಕಡೆ ನೋಡುತ್ತಿದ್ದಳು. ಕ್ರೀಡಾ ವಿಭಾಗದ ಪ್ರಾಧ್ಯಾಪಕರು ಓಡಿ ಬಂದು, ಸಾಹೇಬರು ಬರುವವರೆಗೆ ಯಾರೂ ಏಳಕೂಡದು ಎಂದರು. ಅಕ್ಕ ಅವರಿಗೆ ಮರಾಠಿಯಲ್ಲಿ ಒಂದೇ ಮಾತು ಹೇಳಿದಳು. “ಸೂರ್ಯ ಥಾಂಬತ ನಾಹೀ, ಸರ್.” ಸೂರ್ಯ ನಿಲ್ಲುವುದಿಲ್ಲ. ಆಮೇಲೆ ನಮ್ಮ ಕಡೆ ತಿರುಗಿ ಕನ್ನಡದಲ್ಲಿ ಕೂಗಿದಳು.

“ಏಳ್ರೇ ಹುಡುಗ್ಯಾರಾ! ಗೆರಿ ನಾ ಹಾಕೇನಿ. ಶುರು!”

ಪುಢಾರಿ ಬಂದಾಗ ಕೊನೆಯ ಸರದಿ ನಡೆದಿತ್ತು. ಆ ಮನುಷ್ಯ ಸಿಟ್ಟಾಗಲಿಲ್ಲ ಎಂಬುದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಕುರ್ಚಿಯಲ್ಲಿ ಕೂತು, ಆಟ ನೋಡಿ, ಚಪ್ಪಾಳೆ ತಟ್ಟಿದರು. ಸಿಟ್ಟು ಬಂದದ್ದು ಅವರ ಹಿಂದೆ ಹಾರ ಹಿಡಿದು ನಿಂತವರಿಗೆ.

ಆ ಹೊತ್ತಿಗೆ ವಿದ್ಯಾಪೀಠದ, ಅಂದರೆ ವಿಶ್ವವಿದ್ಯಾಲಯದ, ತಂಡಕ್ಕೆ ಅಕ್ಕನ ಆಯ್ಕೆಯಾಗಿತ್ತು. ನಮ್ಮ ಕಾಲೇಜಿನಿಂದ ಅಲ್ಲಿಯವರೆಗೆ ಯಾವ ಹುಡುಗಿಯೂ ಹೋಗಿರಲಿಲ್ಲ. ಮರುದಿನ ಆಫೀಸಿನಿಂದ ಕರೆ ಬಂತು. ತಪ್ಪಾಯಿತು ಎಂದು ಬರೆದು ಕೊಟ್ಟರೆ ಹೋಗಬಹುದು, ಇಲ್ಲವಾದರೆ ಇಲ್ಲ. ಅಕ್ಕನ ಅಪ್ಪ ಬಿಳಿ ಟೊಪ್ಪಿಗೆ ಸರಿಮಾಡಿಕೊಳ್ಳುತ್ತ ಮ್ಹೈಸಾಳದಿಂದ ಬಂದರು. ಆಫೀಸಿನ ಮೆಟ್ಟಿಲ ಬಳಿ ನಿಂತು ಮಗಳಿಗೆ ಮೆಲ್ಲಗೆ ಹೇಳಿದರು.

“ಬರದು ಕೊಟ್ಟ ಬಿಡವಾ. ಒಂದ ಮಾತಿನ್ಯಾಗ ಏನ್ ಹೋಗತೈತಿ?”

“ಏನಂತ ಬರೀಲಿ ಅಪ್ಪಾ? ಹೊತ್ತಿಗೆ ಸರ್ಯಾಗಿ ಆಟ ಆಡಸೇನಿ, ತಪ್ಪಾತು ಅಂತ?”

ಅಕ್ಕ ಬರೆಯಲಿಲ್ಲ. ತಂಡದ ಪಟ್ಟಿಯಿಂದ ಹೆಸರು ಹೋಯಿತು.

ವಿದ್ಯಾಪೀಠದ ತಂಡ ಮಿರಜದಿಂದ ಗಾಡಿ ಹತ್ತುವ ದಿನ ಅಕ್ಕ ಸ್ಟೇಷನ್ನಿಗೆ ಬಂದಳು, ನಾನೂ ಜೊತೆಗಿದ್ದೆ. ಕಟಕ ರೊಟ್ಟಿ, ಶೇಂಗಾ ಚಟ್ನಿಯ ಗಂಟು ತಂದಿದ್ದಳು. ಗಾಡಿ ತಡ ಇತ್ತು. ಇದ್ದಕ್ಕಿದ್ದಂತೆ ಆ ಹುಡುಗಿಯರನ್ನು ಪ್ಲಾಟ್‌ಫಾರ್ಮಿನ ಮೇಲೆಯೇ ಸಾಲಾಗಿ ಕೂರಿಸಿದಳು, ಒಬ್ಬಳ ಮುಖ ಈ ಕಡೆ, ಮುಂದಿನವಳದು ಆ ಕಡೆ, ಖೋ-ಖೋದಲ್ಲಿ ಕೂರುವಂತೆಯೇ. “ನೀ ಕಂಬದ ಹತ್ರ. ನೀ ಎಡಕ್ಕ ಓಡಾಕಿ, ನಡಬರಕ ಕುಂದ್ರು” ಎಂದು ಒಬ್ಬೊಬ್ಬರಿಗೂ ಜಾಗ ತೋರಿಸಿದಳು. ಹಮಾಲರು ಗಂಟು ಹೊತ್ತು ಸುತ್ತಿ ಬಳಸಿ ಹೋದರು. ತಾನು ಆಡಬೇಕಾಗಿದ್ದ ಜಾಗಕ್ಕೆ ಬಂದಾಗ ಒಂದು ಕ್ಷಣ ನಿಂತು, ಅಲ್ಲಿಗೂ ಒಬ್ಬಳನ್ನು ಕೂರಿಸಿದಳು...

ಮುಂದಿನ ವರ್ಷದಿಂದ ಹುಡುಗಿಯರ ಸೆಕ್ರೆಟರಿಯನ್ನು ಆಫೀಸೇ ನೇಮಿಸತೊಡಗಿತು. ‘ಶಿಸ್ತಿಗಾಗಿ’ ಎಂದರು! ಹೊತ್ತಿಗೆ ಬಂದವರನ್ನು ಕಾಯಿಸಿ, ಹೊತ್ತು ಮೀರಿ ಬಂದವರಿಗೆ ಹಾರ ಹಾಕುವುದು ಯಾವ ಶಿಸ್ತು?

ಆ ಪದ್ಧತಿ ಇಂದಿಗೂ ನಡೆದಿದೆ, ಇನ್ನೂ ಕೆಟ್ಟಿದೆ. ನನ್ನ ಮೊಮ್ಮಗಳು ಸೆಕ್ರೆಟರಿ, ಆದರೆ ಮಂಡಳದ ವಾಟ್ಸ್ಯಾಪ್ ಗುಂಪಿನಲ್ಲಿ ಅವಳಿಗೆ ಒಂದು ಅಕ್ಷರ ಬರೆಯುವ ಅಧಿಕಾರವಿಲ್ಲ. ಸರ್ ಬರೆಯುತ್ತಾರೆ, ಇವರು ಹೆಬ್ಬೆರಳು ತೋರಿಸಬೇಕು. ತಂಡದಲ್ಲಿ ಯಾರಿದ್ದಾರೆಂದು ಕ್ಯಾಪ್ಟನ್ನಿಗೇ ಗೊತ್ತಾಗುವುದು ಪಂದ್ಯದ ಹಿಂದಿನ ಸಂಜೆ. ಬ್ಯಾನರಿನ ತುಂಬ ದೊಡ್ಡವರ ಮುಖಗಳು; ಆಡುವ ಒಂದು ಹುಡುಗಿಯ ಫೋಟೋ ಇಲ್ಲ. ಮಂಡಳದವರ ಕೆಲಸವೆಂದರೆ ಸೀರೆ ಉಟ್ಟು ಆರತಿ ಹಿಡಿಯುವುದು. ಆ ಭಾನುವಾರ ಗೆರೆ ಹಾಕಿ ಮುಗಿಸಿದ ನನ್ನ ಮೊಮ್ಮಗಳಿಗೂ ಅದೇ ಆಜ್ಞೆ ಬಂತು, ಅತಿಥಿಗಳಿಗೆ ಆರತಿ ಬೆಳಗಲು ತಯಾರಾಗು ಎಂದು.

ಎಂಟಾಯಿತು, ಒಂಬತ್ತಾಯಿತು. ಬಿಸಿಲು ಏರಿತು. ಹುಡುಗಿಯರು ಅಂಗಳದ ಅಂಚಿಗೆ ಕೂತೇ ಇದ್ದರು. ಐವತ್ತು ವರ್ಷಗಳ ನಂತರವೂ ಅದೇ ಕೂತಿರುವುದು! ಮೊಮ್ಮಗಳು ನನ್ನ ಬಳಿ ಬಂದಳು. ಅವಳಿಗೆ ಕನ್ನಡ ಪೂರ್ತಿ ತಿಳಿಯುತ್ತದೆ. ಮಾತಾಡುವಾಗ ಅರ್ಧಕ್ಕೆ ಮರಾಠಿ ಬರುತ್ತದೆ.

“ಆಜೀ, ಸರ್ ಥಾಂಬಾ ಅಂದಾರ. ಶುರು ಕರೂ ಕಾ?” ಸರ್ ಕಾಯಿರಿ ಅಂದಿದ್ದಾರೆ, ಶುರು ಮಾಡಲೇ ಎಂದು.

ಮುಂದಿನ ವಾರ ಅವಳಿಗೂ ವಿದ್ಯಾಪೀಠದ ತಂಡದ ಆಯ್ಕೆ ಇದೆ. ನಾನು ಹೂಂ ಎನ್ನಲಿಲ್ಲ, ಊಹೂಂ ಎನ್ನಲಿಲ್ಲ. ಅಕ್ಕನಿಗೆ ಆದದ್ದನ್ನು ಇದ್ದಂತೆ ಹೇಳಿದೆ. ಅವಳು ಕೇಳಿದಳು, ಹೋಗಿ ಹುಡುಗಿಯರ ಜೊತೆ ಕೂತಳು. ಅವಳ ಮೇಲೆ ನನಗೆ ಸಿಟ್ಟಿಲ್ಲ. ಹೊತ್ತಿಗೆ ಆಟ ಬೇಕೋ, ತಂಡದಲ್ಲಿ ಜಾಗ ಬೇಕೋ ಎಂದು ಎಳೆಯ ಹುಡುಗಿಯ ಎದುರಿಗೆ ತಕ್ಕಡಿ ಹಿಡಿಯುತ್ತಾರಲ್ಲ, ಸಿಟ್ಟು ಅವರ ಮೇಲೆ.

ಅತಿಥಿಗಳು ಹನ್ನೊಂದರ ಮೇಲೆ ಬಂದರು. ಅವರ ಗಾಡಿಗಳು ಅಂಗಳದ ಗೆರೆಗಳ ಮೇಲೆಯೇ ಹಾದು ಆಚೆ ನಿಂತವು. ಹಾರ, ಆರತಿ, ಮಹಿಳೆಯರು ಮುಂದೆ ಬರಬೇಕೆಂಬ ಭಾಷಣ. ಭಾಷಣ ಮುಗಿಯುವಷ್ಟರಲ್ಲಿ ಆಟಕ್ಕೆ ಹೊತ್ತಿಲ್ಲ! ಎರಡೆರಡು ಸರದಿ ಆಡಬೇಕಾದಲ್ಲಿ ಒಂದೊಂದೇ ಆಡಿಸಿದರು. ಅಷ್ಟರಲ್ಲಿ ಮುಂದಿದ್ದ ನಮ್ಮ ಹುಡುಗಿಯರ ಕೈಗೆ ಕಪ್ ಕೊಟ್ಟು, ಫೋಟೋ ತೆಗೆಸಿಕೊಂಡು, ಅತಿಥಿಗಳು, ಸರ್ ಎಲ್ಲ ಊಟಕ್ಕೆ ಹೋದರು.

ಮಿರಜದ ಹುಡುಗಿಯರು ಬೂಟಿನ ದಾರ ಬಿಚ್ಚತೊಡಗಿದ್ದರು. ನಾನು ಫಕ್ಕಿಯ ಚೀಲ ಎತ್ತಿಕೊಂಡೆ. ಮೊಳಕಾಲು ಕಟಕಟ ಅಂದವು, ಅನ್ನಲಿ. ಟೈರು ಅಳಿಸಿದ ಗೆರೆಗಳನ್ನು ಒಂದೊಂದಾಗಿ ಮತ್ತೆ ಹಾಕಿದೆ. ಮೊಮ್ಮಗಳು ಓಡಿ ಬಂದು ಹಗ್ಗದ ಇನ್ನೊಂದು ತುದಿ ಹಿಡಿದಳು. ಮಿರಜದ ಹುಡುಗಿಯರು ಬಿಚ್ಚಿದ ದಾರ ಮತ್ತೆ ಕಟ್ಟಿಕೊಳ್ಳತೊಡಗಿದರು. ಕೊನೆಯ ಗೆರೆ ಮುಗಿದಾಗ ಅವಳು ಹೇಳಿದಳು.

“ಗೆರಿ ನೀ ಹಾಕಿದಿ, ಆಜೀ. ಆತಾ ನೀನೇ ಸಾಂಗ.” ಈಗ ನೀನೇ ಹೇಳು ಎಂದು.

“ಏಳ್ರೇ ಹುಡುಗ್ಯಾರಾ! ಶುರು!” ಎಂದೆ.

ಉಳಿದ ಸರದಿಗಳನ್ನು ಆ ಸುಡು ಬಿಸಿಲಿನಲ್ಲಿ ಮೈಕಿಲ್ಲದೆ, ಕುರ್ಚಿಗಳಿಲ್ಲದೆ ಆಡಿದರು. ಗೆದ್ದವರು ಮಿರಜದ ಹುಡುಗಿಯರು. ಒಂದೇ ಅಂಕ, ಆದರೆ ಗೆಲುವು ಗೆಲುವೇ. ಮೊಮ್ಮಗಳು ಕಪ್ ತಂದು ಅವರ ಕ್ಯಾಪ್ಟನ್ನಿನ ಕೈಗಿತ್ತಳು.

“ಅಗಂ, ಸರ್ ಕೇಳಿದ್ರ?” ಎಂದಳು ಆ ಹುಡುಗಿ ಗಾಬರಿಯಾಗಿ.

“ನಿಮ್ಮದು, ನೀವೇ ಒಯ್ಯಿರಿ. ಸರ್‌ಗೆ ನಾ ಹೇಳತೇನಿ,” ಎಂದಳು ಮೊಮ್ಮಗಳು. ಇಡೀ ಮಾತು ಕನ್ನಡದಲ್ಲೇ ಬಂತು.

ಮರುದಿನದ ಪೇಪರಿನಲ್ಲಿ ಕಪ್ ನಮ್ಮವರ ಕೈಯಲ್ಲೇ ಇತ್ತು. ಇಂದೋ ನಾಳೆಯೋ ಆಫೀಸಿನಿಂದ ಕರೆ ಬರುತ್ತದೆ. ಮುಂದಿನ ವಾರದ ಆಯ್ಕೆ ಏನಾಗುತ್ತದೋ ಗೊತ್ತಿಲ್ಲ. ಅಕ್ಕ ಇದ್ದಿದ್ದರೆ ಆ ಸಂಜೆಯೇ ಹೋಗಿ ಎಲ್ಲ ಹೇಳುತ್ತಿದ್ದೆ. ಮದುವೆಯಾಗಿ ನದಿಯಾಚೆಯ ಊರಿಗೆ ಹೋದ ಮೇಲೂ ಮಿರಜದ ಸಂತೆಯಲ್ಲಿ ಸಿಕ್ಕಾಗ, “ಹುಡುಗ್ಯಾರು ಈಗ ಗೆರಿ ತಾವ ಹಾಕತಾರೇನ?” ಎಂದೇ ಮೊದಲು ಕೇಳುತ್ತಿದ್ದಳು. ಹೋದ ವರ್ಷ ತೀರಿಕೊಂಡಳು. ಸುದ್ದಿ ನನಗೆ ತಡವಾಗಿ ಬಂತು. ವಿದ್ಯಾಪೀಠದ ಅಂಗಳದಲ್ಲಿ ಒಂದು ದಿನವೂ ಆಡದೆಯೇ ಹೋದಳು...

ಉಳಿದ ಫಕ್ಕಿಯನ್ನು ಚೀಲಕ್ಕೆ ತುಂಬಿ ಬಾಯಿ ಕಟ್ಟಿದೆವು. ಹಗ್ಗ ಸುತ್ತಿ ಗೂಟಕ್ಕೆ ತೂಗುಹಾಕಿದೆವು. ಸಾಮಾನಿನ ಕೋಣೆಗೆ ಕೀಲಿ ಹಾಕಿ, ನಳದ ಕೆಳಗೆ ಇಬ್ಬರೂ ಕೈ ತೊಳೆದುಕೊಂಡೆವು.