ಬಾತುಕೋಳಿ ಅಂಟದ ಜಾಗ

ಹುಲ್ಲು ಕತ್ತರಿಸುವ ಯಂತ್ರಕ್ಕೆ ಮದುಮಗಳ ಸಿಂಗಾರ ಯಾಕೆ? ಬೆಳಗ್ಗೆಯಿಂದ ಈ ಒಂದೇ ಪ್ರಶ್ನೆ ಅವಳ ಕಿವಿಯ ಸುತ್ತ ಸೊಳ್ಳೆಯಂತೆ ಗುಂಯ್‌ಗುಟ್ಟುತ್ತಿತ್ತು. ಮಣ್ಣಲ್ಲಿ ಹೊರಳುವ, ಕಲ್ಲಿಗೆ ಮೈಯೊಡ್ಡುವ ಕಬ್ಬಿಣ. ಅದೂ ಯಾರೋ ಬಳಸಿ ಬಿಟ್ಟದ್ದು. ಅದಕ್ಕೆ ಮುಖ ಕಾಣುವ ಹಾಗೆ ಕೆಂಪು ಬಣ್ಣ ಬಳಿದಿದ್ದಾರೆ ಎಂದರೆ ಏನನ್ನೋ ಮುಚ್ಚಿದ್ದಾರೆ ಎಂದೇ ಅರ್ಥ.

ಅವಳ ಸ್ವಭಾವವೇ ಹಾಗೆ. ನಗರದಲ್ಲಿ ಓದಿ ಬೆಳೆದವಳು. ಔಷಧಿ ಬಾಟಲಿಯ ಮೇಲಿನ ಇರುವೆಸಾಲಿನಂಥ ಅಕ್ಷರಗಳನ್ನೂ ಬಿಡದೆ ಓದುವವಳು. ಮಗಳು ಗುಬ್ಬಿ ಹುಟ್ಟಿದ ಮೇಲಂತೂ ಕೇಳುವುದೇ ಬೇಡ. ಮಗು ಹೆಚ್ಚು ಹೊತ್ತು ಮಲಗಿದರೆ ಮೂಗಿನ ಹತ್ತಿರ ಬೆರಳಿಟ್ಟು ನೋಡುವಳು, ಬೇಗ ಎದ್ದರೆ ಹಣೆ ಮುಟ್ಟಿ ನೋಡುವಳು. ಇದನ್ನೆಲ್ಲ ಮೂರು ವರ್ಷದಿಂದ ನೋಡಿದ ಅತ್ತೆ ಅವಳಿಗೆ ‘ಸಿಐಡಿ’ ಎಂದು ಹೆಸರಿಟ್ಟಿದ್ದರು. “ನಮ್ಮ ಸಿಐಡಿ ಎದ್ದಳಾ? ಹಾಲು ಪಾಸಾಯ್ತಾ ಫೇಲಾಯ್ತಾ ಕೇಳಿ, ಆಮೇಲೆ ಕಾಫಿ ಮಾಡೋಣ” ಎಂದು ಅಡುಗೆಮನೆಯಿಂದ ಕೂಗುತ್ತಿದ್ದರು.

ಬರೀ ತಮಾಷೆಯಾಗಿದ್ದರೆ ಪರವಾಗಿರಲಿಲ್ಲ. ಹೋದ ತಿಂಗಳು ಗಿಡಗಳಿಗೆ ಔಷಧಿ ಹೊಡೆಯಲು ಬಂದವನು ಹೋದ ಮೇಲೆ ಸ್ಪ್ರೇಯರಿನ ಹಿತ್ತಾಳೆ ನಳಿಗೆ ಕಾಣಲಿಲ್ಲ. ಅವನೇ ಜೇಬಿಗಿಳಿಸಿದ್ದಾನೆ ಎಂದು ಇವಳು ಫೋನಿನಲ್ಲಿ ಹೇಳಿಯೇಬಿಟ್ಟಳು. ಸಂಜೆ ನಳಿಗೆ ಗುಬ್ಬಿಯ ಆಟದ ಚೀಲದಲ್ಲಿ, ಗೊಂಬೆಯ ಟೋಪಿಯಾಗಿ ಸಿಕ್ಕಿತು. ಅತ್ತೆ ಅವನ ಮನೆ ಬಾಗಿಲಿಗೇ ಹೋಗಿ ಕ್ಷಮೆ ಕೇಳಿ ಬಂದರು. ಬೈಯಲಿಲ್ಲ. “ಬಾಯಿಂದ ಬಿದ್ದ ಮಾತನ್ನ ನಾನು ಹೋಗಿ ಎತ್ಕೊಂಡು ಬಂದೆ. ಇನ್ನೊಂದ್ಸಲ ನನ್ನ ಕೈಲಾಗಲ್ಲ ಕಣಮ್ಮ” ಎಂದಷ್ಟೇ ಹೇಳಿದರು. ಬೈದಿದ್ದರೇ ಚೆನ್ನಾಗಿತ್ತು. ಅಂದಿನಿಂದ ಅವಳ ಅನುಮಾನಕ್ಕೆ ಮನೆಯಲ್ಲಿ ಸವಕಲು ನಾಣ್ಯದ ಬೆಲೆಯೂ ಇರಲಿಲ್ಲ.

ಅತ್ತೆಯದು ಬೇರೆಯೇ ಜಾತಕ. ಮಾವ ತೀರಿಕೊಂಡಾಗ ಅತ್ತೆಗೆ ನಲವತ್ತೇಳು. ಶೆಡ್ಡಿನಲ್ಲಿ ನಿಂತ ಚಿಕ್ಕ ಟ್ರ್ಯಾಕ್ಟರನ್ನು ಮಾರಿಬಿಡಿ ಎಂದವರೇ ಎಲ್ಲರೂ. ಅವರು ಮಾರಲಿಲ್ಲ, ಹತ್ತಿ ಕುಳಿತರು. ಮೊದಲ ದಿನ ಗೇಟಿನ ಕಂಬಕ್ಕೆ ಗುದ್ದಿದರು. ಆ ಕಂಬ ಇಂದಿಗೂ ಮನೆಗೆ ಬರುವವರಿಗೆ ತಲೆಬಾಗಿ ನಮಸ್ಕರಿಸುವ ಹಾಗೆ ವಾಲಿಕೊಂಡಿದೆ. ಈಗ ಮೂರೆಕರೆ ಹಣ್ಣಿನ ತೋಟವನ್ನು ಸೀಟಿನ ಮೇಲಿಂದಲೇ ಆಳುತ್ತಾರೆ. ಹೊರಡುವ ಮುನ್ನ ಸೆರಗು ಬಿಗಿದು, ಚಪ್ಪಲಿ ಬಿಟ್ಟು, ಮಾವನ ಹಳೇ ಬೂಟು ಹಾಕಿಕೊಳ್ಳುತ್ತಾರೆ. ಒಮ್ಮೆ ಸ್ಟಾರ್ಟ್ ಮಾಡಿದರೆ ಹಿಡಿದ ಕೆಲಸ ಮುಗಿಯುವ ತನಕ ಆಫ್ ಮಾಡುವುದಿಲ್ಲ. “ಇಂಜಿನ್ ನಿಲ್ಸಿದ್ರೆ ಮನಸ್ಸೂ ನಿಂತೋಗುತ್ತೆ” ಎನ್ನುವುದು ಅವರ ವೇದವಾಕ್ಯ.

ತೊಂದರೆ ಇದ್ದದ್ದು ಗುಬ್ಬಿಯದು. ಅಜ್ಜಿ ಟ್ರ್ಯಾಕ್ಟರ್ ಓಡಿಸುವಾಗ ಹಿಂದಿನ ಯಂತ್ರವನ್ನು ಸದಾ ಬಲಭುಜದ ಮೇಲಿಂದ ತಿರುಗಿ ನೋಡುತ್ತಾರೆ. ತಿರುಗಿದಾಗ ಗುಬ್ಬಿ ಕಂಡರೆ ಹಲ್ಲು ಕಿಸಿದು ಅಣಕಿಸುತ್ತಾರೆ. ಆ ಒಂದು ಅಣಕಕ್ಕಾಗಿ ಮಗು ಬಲಗಡೆ ಹಿಂದೆ ಹಿಂದೆಯೇ ಓಡುತ್ತದೆ. ಒಳಗೆ ಕೂಡಿಹಾಕಿದರೂ ಕಿಟಕಿ, ಹಿತ್ತಿಲಬಾಗಿಲು, ಎಲ್ಲಿಂದಲಾದರೂ ಜಾರಿಕೊಳ್ಳುತ್ತದೆ. ಹೋದ ವಾರ ಹಾಗೇ ಜಾರಿಕೊಂಡಿತ್ತು. ಆಗ ಟ್ರ್ಯಾಕ್ಟರಿನ ಹಿಂದೆ ಇದ್ದದ್ದು ಬರೀ ಟ್ರೈಲರ್. ಇನ್ನು ಮೇಲೆ ಇರುವುದು ತಿರುಗುವ ಬ್ಲೇಡು.

ಹಳೇ ಯಂತ್ರಗಳನ್ನು ಮಾರುವವನ ಅಂಗಳಕ್ಕೆ ಬೆಳಗ್ಗೆ ಅತ್ತೆ, ಸೊಸೆ, ಗುಬ್ಬಿ ಮೂವರೂ ಹೋಗಿದ್ದರು. ಅವನಿಗೆ ಎಲ್ಲರೂ ‘ಬೆಣ್ಣೆಯಣ್ಣ’ ಎನ್ನುತ್ತಿದ್ದರು. ಅವನ ಬಾಯಲ್ಲಿ ಯಾವ ಯಂತ್ರವೂ ಓಡುವುದಿಲ್ಲ, ಬೆಣ್ಣೆಯ ಹಾಗೆ ಜಾರುತ್ತದೆ.

“ಅಕ್ಕಾ, ನಿಮ್ಮ ಟ್ರ್ಯಾಕ್ಟರ್‌ಗೆ ಎರಡೇ ಸೂಟಾಗೋದು,” ಎಂದು ಅವನು ತೋರಿಸಿದ. ಒಂದು ಆ ಕೆಂಪು ರೋಟರಿ: ಐದಡಿ ಅಗಲ, ತಗಡಿನ ಮುಚ್ಚಳದಡಿ ಗಿರಗಿರ ತಿರುಗುವ ಉದ್ದನೆಯ ಬ್ಲೇಡುಗಳು. ಇನ್ನೊಂದು ಮೂಲೆಯಲ್ಲಿ ತುಕ್ಕು ಹಿಡಿದು ಕುಳಿತ ಫ್ಲೇಲ್: ನಾಲ್ಕಡಿ ಅಗಲ, ಒಂದು ಉರುಳೆಗೆ ನೇತುಹಾಕಿದ ಅಂಗೈಯಗಲದ ಹತ್ತಾರು ಬ್ಲೇಡುಗಳು. ಕಲ್ಲು ಸಿಕ್ಕರೆ ಅವು ಹಿಂದಕ್ಕೆ ಮಡಿಚಿಕೊಳ್ಳುತ್ತವೆ.

“ಸಾಲುಗಳ ಮಧ್ಯೆ ರೋಟರಿ ಎರಡು ಸಲ ಹೋದ್ರೆ ಮುಗೀತು. ಫ್ಲೇಲ್ ಆದ್ರೆ ಮೂರು ಸಲ,” ಎಂದರು ಅತ್ತೆ, ಆಗಲೇ ಮನಸ್ಸಿನಲ್ಲಿ ತೋಟ ಸುತ್ತಿ ಬಂದವರ ಹಾಗೆ.

“ಅದೇ ಅಕ್ಕಾ! ನೋಡಿ, ಓಡಿಸಿ ತೋರಿಸ್ತೀನಿ.” ತನ್ನ ಟ್ರ್ಯಾಕ್ಟರಿಗೆ ಕಟ್ಟಿ ಅಂಗಳದ ಪಕ್ಕದ ಹುಲ್ಲಿನ ಮೇಲೆ ಒಂದು ಸುತ್ತು ಹೊಡೆದ. ನಿಜಕ್ಕೂ ಬೆಣ್ಣೆಯೇ. ಆದರೆ ಅವಳು ನೋಡಿದ್ದು ಹುಲ್ಲನ್ನು. ಅದು ಪಾದ ಮುಚ್ಚುವಷ್ಟೂ ಇರಲಿಲ್ಲ. ನಿನ್ನೆಯೋ ಮೊನ್ನೆಯೋ ಕತ್ತರಿಸಿದ ಜಾಗವನ್ನೇ ಮತ್ತೆ ಕತ್ತರಿಸಿ ತೋರಿಸುತ್ತಿದ್ದ.

“ಉದ್ದ ಹುಲ್ಲಿರೋ ಕಡೆ ಓಡಿಸಿ ತೋರ್ಸ್ತೀರಾ?” ಎಂದಳು.

“ಮೇಡಂ, ಉದ್ದ ಹುಲ್ಲು ನಿಮ್ಮ ತೋಟದಲ್ಲಿದೆಯಲ್ಲಾ, ಅಲ್ಲೇ ನೋಡ್ಕೊಳ್ಳಿ!” ಎಂದು ನಕ್ಕ. ಅತ್ತೆಯೂ ನಕ್ಕರು. ಅವಳಿಗೆ ನಗು ಬರಲಿಲ್ಲ.

ಅತ್ತೆ ಮತ್ತು ಬೆಣ್ಣೆಯಣ್ಣ ಕೊಂಡಿ, ಶಾಫ್ಟು ಎಂದು ಮಾತಿಗೆ ಕುಳಿತಾಗ ಅವಳಿಗೆ ತವರಿನ ಅಣ್ಣ ನೆನಪಾದ. ಹಳೇ ಕಾರು ನೋಡಲು ಹೋಗುವಾಗಲೆಲ್ಲ ಬಣ್ಣದಡಿ ಕಬ್ಬಿಣವಿದೆಯೋ ಇಲ್ಲವೋ ನೋಡಲು ಅವನ ಜೇಬಿನಲ್ಲಿ ಮ್ಯಾಗ್ನೆಟ್ ಇರುತ್ತಿತ್ತು. ಅವಳ ಚೀಲದಲ್ಲೂ ಇತ್ತು, ಫ್ರಿಜ್ಜಿನಿಂದ ಗುಬ್ಬಿ ಕಿತ್ತುಕೊಂಡು ಬಂದ ಹಳದಿ ಬಾತುಕೋಳಿ. ಅದನ್ನು ಕೆಂಪು ತಗಡಿನ ಮೇಲೆ ಇಟ್ಟಳು. ಟಕ್ಕೆಂದು ಅಂಟಿತು. ಒಂದು ಗೇಣು ಆಚೆ ಇಟ್ಟಳು, ಅಂಟಿತು. ಹೀಗೆ ಎಡಕ್ಕೆ, ಮೇಲೆ, ಹಿಂದಕ್ಕೆ. ಬಲಗಡೆಯ ಹಿಂಬದಿಯಲ್ಲಿ ಇಟ್ಟಾಗ ಬಾತುಕೋಳಿ ಜಾರಿ ಮಣ್ಣಿಗೆ ಬಿತ್ತು. ಎತ್ತಿ ಇಟ್ಟಳು. ಮತ್ತೆ ಬಿತ್ತು. ಅಂಗೈಯಗಲದ ಜಾಗ. “ಬಿತ್ತು! ಬಿತ್ತು!” ಎಂದು ಗುಬ್ಬಿ ಚಪ್ಪಾಳೆ ತಟ್ಟಿತು.

“ಏನ್ ಮೇಡಂ, ಮಗೂಗೆ ಆಟಾನಾ?” ಬೆಣ್ಣೆಯಣ್ಣ ಕುಳಿತಲ್ಲಿಂದಲೇ ಕೇಳಿದ. ಬಾಯಿ ನಗುತ್ತಿತ್ತು, ಕಣ್ಣು ನಗುತ್ತಿರಲಿಲ್ಲ.

“ಹೌದು, ಆಟ,” ಎಂದಳು. ಬಾತುಕೋಳಿಯನ್ನು ಎತ್ತಿಕೊಳ್ಳಲು ಬಗ್ಗಿದಳು. ಆಸರೆಗೆಂದು ಯಂತ್ರದ ಮುಂದಿನ ಕಂಬಿ ಹಿಡಿದಾಗ ಬೆರಳಿಗೆ ಬಣ್ಣದಡಿ ಏನೋ ಉಬ್ಬುತಗ್ಗು ಸಿಕ್ಕಿತು. ಸಾಲಾಗಿ, ಅಂಕಿಗಳ ಹಾಗೆ. ಎರವಲು ಕೊಟ್ಟ ಯಂತ್ರ ವಾಪಸ್ ಬರಲಿ ಎಂದು ಜನ ಫೋನ್ ನಂಬರನ್ನು ಬೆಸುಗೆಯಲ್ಲೇ ಬರೆಸುತ್ತಾರೆ. ಅತ್ತೆಯ ಟ್ರೈಲರಿನ ಮೇಲೂ ಹಾಗೆ ಇದೆ. ಗುಬ್ಬಿಯ ಬಣ್ಣದ ಪುಸ್ತಕದಿಂದ ಒಂದು ಹಾಳೆ ಹರಿದು, ಕಂಬಿಯ ಮೇಲಿಟ್ಟು, ಮೇಣದ ಬಣ್ಣದ ಕಡ್ಡಿ ಉಜ್ಜಿದಳು. ನೀಲಿಯ ನಡುವೆ ಹತ್ತು ಅಂಕಿಗಳು ಮೂಡಿದವು. ಕೊನೆಯದು ಮಾತ್ರ ಮೂರೋ ಎಂಟೋ ತಿಳಿಯದ ಹಾಗೆ ಸವೆದಿತ್ತು. ಹಾಳೆ ಮಡಿಚಿ, ಚೀಲದಲ್ಲಿದ್ದ ಡೈಪರುಗಳ ನಡುವೆ ಇಟ್ಟುಕೊಂಡಳು.

ಮನೆಗೆ ಬಂದ ಮೇಲೆ, ಅತ್ತೆ ತಟ್ಟೆ ಮುಂದೆ ಕುಳಿತಾಗ, ಬಾತುಕೋಳಿಯ ಕಥೆ ಹೇಳಿದಳು.

“ಆಟದ ಬಾತುಕೋಳಿ ಮಾತು ಕೇಳ್ಕೊಂಡು ಮೆಷಿನ್ ಬಿಡ್ಲಾ? ಎಲ್ಲೋ ಒಂದು ತೂತಿತ್ತು, ಮುಚ್ಚಿದಾನೆ. ನಾವು ಪಾತ್ರೆಗೆ ಬೆಸುಗೆ ಹಾಕ್ಸಲ್ವಾ?”

“ಬೆಸುಗೆ ಹಾಕ್ಸಿದ್ರೆ ಅಂಟ್ತಿತ್ತು ಅತ್ತೆ. ಅಲ್ಲಿ ಪುಟ್ಟಿ ಮೆತ್ತಿದಾರೆ, ಗೋಡೆಗೆ ಮೆತ್ತೋ ಹಾಗೆ.”

ಅತ್ತೆಯ ಕೈ ತುತ್ತಿನ ಮೇಲೆ ಒಂದು ಗಳಿಗೆ ನಿಂತಿತು. “ನಳಿಗೆ ಕಥೆ ಮರ್ತೆಯಾ?” ಎಂದರು ಮೆತ್ತಗೆ. “ಊಟ ಆದ್ಮೇಲೆ ಹೋಗಿ ಕಟ್ಕೊಂಡು ಬರ್ತೀನಿ. ಮಾತು ಕೊಟ್ಟಾಯ್ತು.”

ಗಂಡನಿಗೆ ಫೋನ್ ಮಾಡಿದಳು. ತಾನು ಕೆಲಸ ಮಾಡುವ ಕೋಲ್ಡ್ ಸ್ಟೋರೇಜಿನ ಗದ್ದಲದ ನಡುವೆ ಅವನು, “ಬೆಣ್ಣೆಯಲ್ಲಿ ಕೂದಲು ಹುಡುಕ್ತೀಯಲ್ಲ ನೀನು. ಅಮ್ಮನಿಗೆ ಗೊತ್ತಿರುತ್ತೆ ಬಿಡು,” ಎಂದ. ಬೆಣ್ಣೆಯಣ್ಣನ ಬೆಣ್ಣೆಯಲ್ಲಿ ಕೂದಲಲ್ಲ, ಅಂಗೈಯಗಲದ ತೂತೇ ಇದೆ ಎನ್ನುವಷ್ಟರಲ್ಲಿ ಲೈನ್ ಕಟ್ಟಾಯಿತು. ಇವರೆಲ್ಲ ಒಟ್ಟಿಗೇ ಮಾತಾಡಿಕೊಂಡಿದ್ದಾರೋ ಎಂದೂ ಒಮ್ಮೆ ಅನಿಸಿತು. ಹಾಗನಿಸಿದ್ದಕ್ಕೆ ತನ್ನ ಮೇಲೇ ಬೇಸರವಾಯಿತು.

ನೀಲಿ ಹಾಳೆ ಊಟದ ಮೇಜಿನ ಮೇಲೆ ಬಿದ್ದಿತ್ತು. ಆ ನಂಬರಿಗೆ ಫೋನ್ ಮಾಡಿ ಏನೆಂದು ಕೇಳುವುದು? ಗುರುತಿಲ್ಲ, ಪರಿಚಯವಿಲ್ಲ, ನಿಮ್ಮ ಯಂತ್ರ ಏನು ಮಾಡಿತು ಅಂತಲೇ? ಏನೂ ಆಗಿಲ್ಲ ಎಂದರೆ ಮತ್ತೊಂದು ನಳಿಗೆ ಕಥೆ. ಬೆಣ್ಣೆಯಣ್ಣನ ಕಿವಿಗೆ ಬಿದ್ದರೆ ಅತ್ತೆ ಇನ್ನೊಂದು ಬಾಗಿಲಿಗೆ ಹೋಗಬೇಕು.

ಹೊರಗೆ ಬೂಟಿನ ಸದ್ದು. ಟ್ರ್ಯಾಕ್ಟರ್ ಕೆಮ್ಮಿ, ಗುಡುಗಿ, ಸ್ಟಾರ್ಟ್ ಆಯಿತು. ಕಿಟಕಿಯಿಂದ ನೋಡಿದಳು. ಅಡುಗೆಮನೆಯಲ್ಲೇ ಇದ್ದ ಗುಬ್ಬಿ ಈಗ ಅಂಗಳದಲ್ಲಿತ್ತು. ಬಲಗಡೆ, ಹಿಂದಿನ ಚಕ್ರದಿಂದ ನಾಲ್ಕು ಹೆಜ್ಜೆ ಆಚೆ, ಅಜ್ಜಿ ತಿರುಗಿ ಅಣಕಿಸಲಿ ಎಂದು ಕಾಯುತ್ತ.

ಓಡಿಹೋಗಿ ಮಗುವನ್ನು ಕಂಕುಳಿಗೆ ಎತ್ತಿಕೊಂಡಳು. ಇನ್ನೊಂದು ಕೈಯಲ್ಲಿ ನಂಬರ್ ಒತ್ತಿದಳು. ಕೊನೆಗೆ ಎಂಟು.

“ಹಲೋ, ನಿಮ್ಮ ಹತ್ರ ಹುಲ್ಲು ಕತ್ತರಿಸೋ ಮೆಷಿನ್ ಇತ್ತಾ?”

“ಇದು ಕಟಿಂಗ್ ಶಾಪಮ್ಮಾ. ತಲೆ ಕರ್ಕೊಂಡು ಬಾ, ಕತ್ತರಿಸ್ತೀನಿ.”

ಟ್ರ್ಯಾಕ್ಟರ್ ವಾಲಿದ ಕಂಬದ ಹತ್ತಿರ ಹೋಗಿತ್ತು. ಅವಳು ಓಡುತ್ತಲೇ ಮತ್ತೆ ಒತ್ತಿದಳು. ಕೊನೆಗೆ ಮೂರು. ಆರು ಸಲ ರಿಂಗಾಯಿತು. ಇಡೋಣ ಎನ್ನುವಷ್ಟರಲ್ಲಿ ವಯಸ್ಸಾದ ಗಂಡಸಿನ ದನಿ, “ಯಾರು?” ಎಂದಿತು.

“ಕೆಂಪು ರೋಟರಿ... ಅದ್ರ ಮೇಲೆ ನಿಮ್ಮ ನಂಬರ್ ಇದೆ. ನಾವು ತಗೊಳ್ತಾ ಇದೀವಿ. ಅದಕ್ಕೆ...”

“ಕೆಂಪಾ? ನಮ್ದು ಹಸಿರಿತ್ತು.” ಆಮೇಲೆ ಆ ದನಿ ಏರಿತು. “ತಗೊಳ್ತಾ ಇದೀರಾ? ಅದನ್ನ ಗುಜರಿಗೆ ಅಂತ ಹಾಕಿದ್ದು ನಾನು. ಬ್ಲೇಡ್ ಹಿಡ್ಕೊಳ್ಳೋ ಬುಡವೇ ಸೀಳಿದೆ ತಾಯಿ! ಓಡೋವಾಗ ಬ್ಲೇಡ್ ಕಿತ್ಕೊಂಡು ತಗಡು ಹರ್ಕೊಂಡು ಹೋಯ್ತು. ನಮ್ಮ ಶೆಡ್ ಗೋಡೇಲಿ ತೂತು ಇನ್ನೂ ಹಾಗೇ ಇದೆ. ಬಲಗಡೆ ಯಾರೂ ನಿಂತಿರ್ಲಿಲ್ಲ, ನಮ್ಮ ಪುಣ್ಯ.”

ಟ್ರ್ಯಾಕ್ಟರಿನ ಮುಂದೆ ಹೋಗಿ ನಿಂತಳು. ಅತ್ತೆ ಬ್ರೇಕ್ ಒತ್ತಿ, “ಅಡ್ಡ ಬರ್ತೀಯಲ್ಲೇ, ಹುಚ್ಚಿ!” ಎಂದು ಗದರಿದರು. ಅವಳು ಸ್ಪೀಕರ್ ಹಾಕಿ, ಫೋನನ್ನು ಅವರ ಕಡೆ ಎತ್ತಿ ಹಿಡಿದಳು.

“...ಬಲಗಡೆ ಹಿಂದೆ ತಗಡು ಬಾಯಿ ಬಿಟ್ಟಿತ್ತು,” ಎನ್ನುತ್ತಿತ್ತು ಫೋನು, ಇಂಜಿನ್ ಸದ್ದಿನಲ್ಲಿ ಅರ್ಧ ಮುಳುಗಿ. “ಮನೇಲಿ ಮಕ್ಕಳಿದಾರಾ ತಾಯಿ?”

ಅತ್ತೆ ಸೊಸೆಯ ಮುಖ ನೋಡಿದರು. ಅವಳ ಕಂಕುಳಲ್ಲಿದ್ದ ಗುಬ್ಬಿಯನ್ನು ನೋಡಿದರು. ಗುಬ್ಬಿ ಅಣಕಕ್ಕಾಗಿ ಕಾಯುತ್ತಿತ್ತು. ಅತ್ತೆ ಅಣಕಿಸಲಿಲ್ಲ. ಕೈ ಚಾಚಿ ಸ್ಟಾಪ್ ಗುಬುಟು ಎಳೆದರು. ಇಂಜಿನ್ ಎರಡು ಸಲ ಮುಲುಗಿ ಸುಮ್ಮನಾಯಿತು.

“ಇದಾರೆ ಅಣ್ಣಾ,” ಎಂದರು ಫೋನಿಗೆ. “ಈಗ ಕೇಳಿಸ್ತಾ ಇದೆ. ಮೊದಲಿಂದ ಹೇಳಿ.”