ಲಾರಿಯೊಳಗಿನ ದೇವರ ದೀಪ

ನಾನು ಶಾಲೆ ಬಿಟ್ಟದ್ದು ಮೂರನೇ ಕ್ಲಾಸಿಗೆ. ಆದರೆ ಮಧುಗಿರಿಯಿಂದ ಪಾವಗಡದವರೆಗೆ ಯಾವ ತಿರುವಿನಲ್ಲಿ ಗೇರ್ ಇಳಿಸಬೇಕು ಅಂತ ನಿದ್ದೆಯಿಂದ ಎಬ್ಬಿಸಿ ಕೇಳಿದರೂ ಹೇಳುತ್ತಿದ್ದೆ. ಕಡಲೆಕಾಯಿ ಮಂಡಿಯ ಸಾಹುಕಾರರ ಲಾರಿಗೆ ಕ್ಲೀನರ್ ಆಗಿ ಸೇರಿ, ಗ್ರೀಸಿನಲ್ಲಿ ಮಿಂದು, ವರ್ಷಗಟ್ಟಲೆ ಚಕ್ರ ಬಿಚ್ಚಿದ ಮೇಲೆ ಸ್ಟೇರಿಂಗ್ ಹಿಡಿದವನು. ಆ ಸೀಟು ಯಾರೂ ದಾನ ಕೊಟ್ಟದ್ದಲ್ಲ. ಅದು ಹೋಗುತ್ತೆ ಅನ್ನುವ ಹೊತ್ತು ಬಂದಾಗ ನನಗೆ ಅನ್ನ ಇಳಿಯಲಿಲ್ಲ.

ಅದಕ್ಕೆ ಕಾರಣ ಒಂದು ಪುಟ್ಟ ಬಲ್ಬು.

ಸಾಹುಕಾರರ ತಾಯಿಗೆ ಲಾರಿಯೊಳಗೆ ದೇವರಿಗೆ ದೀಪ ಬೇಕಾಗಿತ್ತು. ಸಿದ್ದರಬೆಟ್ಟದಿಂದ ತಂದ ಪಟವನ್ನು ಗಾಜಿನ ಕೆಳಗೆ ಕೂರಿಸಿದ್ದೆವು. ಅದರ ಮುಂದೆ ಸಣ್ಣ ಬಲ್ಬು ಹಾಕಿ, ಬ್ಯಾಟರಿಯಿಂದ ತಂತಿ ಎಳೆದು, ಒಂದು ಸ್ವಿಚ್ಚನ್ನೂ ಇಟ್ಟೆ. ಅಚ್ಚುಕಟ್ಟಾದ ಕೆಲಸ, ಈಗಲೂ ಹಾಗೇ ಹೇಳುತ್ತೇನೆ.

ಆದರೆ ಆ ಸ್ವಿಚ್ಚನ್ನು ಆರಿಸುವವರು ಯಾರು? ನಮ್ಮ ಕಡೆ ದೇವರ ದೀಪವನ್ನು ಯಾರೂ ಊದಿ ಆರಿಸುವುದಿಲ್ಲ. ಎಣ್ಣೆ ಮುಗಿದು ತಾನಾಗಿ ಶಾಂತವಾಗಬೇಕು. ಸಂಜೆ ಗಾಡಿ ನಿಲ್ಲಿಸಿ ಇಳಿಯುವಾಗ ಕೈ ಸ್ವಿಚ್ಚಿನವರೆಗೆ ಹೋಗಿ ವಾಪಸ್ ಬರುತ್ತಿತ್ತು. ಇನ್ಯಾರಾದರೂ ಆರಿಸಲಿ ಅಂತ ನಾನು, ಡ್ರೈವರ್ ಇದ್ದಾನಲ್ಲ ಅಂತ ಮಂಡಿಯವರು. ರಾತ್ರಿಯೆಲ್ಲ ದೀಪ ಉರಿದು ಬೆಳಿಗ್ಗೆ ಬ್ಯಾಟರಿ ಸತ್ತಿರುತ್ತಿತ್ತು. ಎಂಜಿನ್ನಿನ ಮೂತಿಗೆ ಹ್ಯಾಂಡಲ್ ಹಾಕಿ ತಿರುವಿ ತಿರುವಿ ತೋಳು ಬಿದ್ದು ಹೋಗುತ್ತಿತ್ತು. ಅದೂ ಆಗದಿದ್ದರೆ ಮಂಡಿಯ ಹಮಾಲರು ತಳ್ಳಬೇಕು.

"ಲೇ, ಇದು ಲಾರಿನೋ ತೇರೋ? ದಿನಾ ಎಳಿಯಾಕೆ ಜನ ಬೇಕಲ್ಲೋ!" ಅಂತ ಅವರಿಗೆ ನಗು.

ಯುದ್ಧದ ಕಾಲ. ಕೂಪನ್ನಿಗೆ ಅಳೆದು ಕೊಟ್ಟಷ್ಟೇ ಪೆಟ್ರೋಲು. ಬ್ಯಾಟರಿ ತುಂಬಲಿ ಅಂತ ನಿಂತಲ್ಲೇ ಎಂಜಿನ್ ಓಡಿಸುವ ಹಾಗಿರಲಿಲ್ಲ. ಒಂದು ದಿನ ಲೋಡು ತಡವಾಗಿ ಸಾಹುಕಾರರು ಸಿಡಿದೆದ್ದರು.

"ಇನ್ನೊಂದ್ಸಲ ಗಾಡಿ ನಿಂತ್ರೆ ಆ ದೀಪ ಕಿತ್ತಾಕು. ಆಗಕಿಲ್ವಾ, ಹೇಳ್ಬುಡು. ಸಿರಾದಿಂದ ಬೇರೆ ಡ್ರೈವರ್ನ ಕರೆಸ್ತೀನಿ."

ಪಡಸಾಲೆಯಲ್ಲಿ ಅವರೆಕಾಯಿ ಸುಲಿಯುತ್ತಿದ್ದ ಅವರ ತಾಯಿ, ನಮಗೆಲ್ಲ ಅಜ್ಜಿ, ತಲೆ ಎತ್ತಲಿಲ್ಲ. "ದೀಪಕ್ಕೆ ಕೈ ಇಕ್ಕಿದೋನು ಆ ಗಾಡಿ ಹತ್ತಬಾರ್ದು ಕಣಪ್ಪ" ಅಂದರು, ಅಷ್ಟೇ.

ದೀಪ ಇಟ್ಟರೆ ಮಗ ಕೆಲಸ ಬಿಡಿಸುತ್ತಾನೆ, ಕಿತ್ತರೆ ತಾಯಿ ಬಿಡಿಸುತ್ತಾಳೆ. ಎರಡು ಕಡೆಯಿಂದಲೂ ನನ್ನ ಸೀಟಿಗೇ ಏಟು.

ಮಧ್ಯಾಹ್ನ ಗಾಡಿಯನ್ನು ಹುಣಸೆ ಮರದ ನೆರಳಿಗೆ ಹಾಕಿ ಡ್ಯಾಶಿನ ಅಡಿ ಅಂಗಾತ ಮಲಗಿದೆ. ಚಾವಿ ತಿರುಗಿಸಿದರೆ ಎಂಜಿನ್ನಿಗೆ ಕರೆಂಟು ಹೋಗುತ್ತೆ, ತೆಗೆದರೆ ನಿಲ್ಲುತ್ತೆ. ದೀಪವೂ ಆ ಚಾವಿಯ ಮಾತು ಕೇಳಿದರೆ ಆಯಿತಲ್ಲ! ಬೇರೊಂದು ಬಲ್ಬಿಗೆ ಎರಡು ತಂತಿ ಕಟ್ಟಿ, ಒಂದನ್ನು ಗಾಡಿಯ ಕಬ್ಬಿಣಕ್ಕೆ ಒತ್ತಿ, ಇನ್ನೊಂದರ ತುದಿಯನ್ನು ಚಾವಿಯ ಹಿಂದಿನ ತಿರುಪುಗಳಿಗೆ ಮುಟ್ಟಿಸಿ ನೋಡಿದೆ. ಒಂದು ತಿರುಪಿನಲ್ಲಿ ಚಾವಿ ಇಲ್ಲದಿದ್ದರೂ ಬಲ್ಬು ಹತ್ತಿತು. ಅದು ಬ್ಯಾಟರಿಯಿಂದ ಬರುವ ದಾರಿ, ನಮಗೆ ಬೇಡ. ಇನ್ನೊಂದರಲ್ಲಿ ಚಾವಿ ತಿರುಗಿಸಿದಾಗ ಮಾತ್ರ ಹತ್ತಿತು. ದೇವರ ತಂತಿಯನ್ನು ಬ್ಯಾಟರಿಯಿಂದ ಬಿಡಿಸಿ ಅಲ್ಲಿಗೆ ತಂದೆ. ನಡುವೆ ಒಂದು ಫ್ಯೂಸ್ ಕೂರಿಸಿದೆ. ತಂತಿ ಎಲ್ಲಾದರೂ ಉಜ್ಜಿ ಸುಟ್ಟರೂ ನಡುದಾರಿಯಲ್ಲಿ ಎಂಜಿನ್ ನಿಲ್ಲಬಾರದು ನೋಡಿ. ಸ್ವಿಚ್ಚನ್ನೇ ಕಿತ್ತು ಜೇಬಿಗೆ ಹಾಕಿಕೊಂಡೆ.

ತಂತಿ ಒಪ್ಪಿತು. ಅಜ್ಜಿ ಒಪ್ಪಬೇಕಲ್ಲ?

ಸ್ಟೂಲು ಇಟ್ಟು, ಕೈ ಹಿಡಿದು ಹತ್ತಿಸಿ ಮುಂದಿನ ಸೀಟಿನಲ್ಲಿ ಕೂರಿಸಿದೆ. ಸೆರಗು ಸರಿಮಾಡಿಕೊಂಡು ಪಟವನ್ನೇ ನೋಡಿದರು.

"ದೀಪ ಎಲ್ಲೋ?"

"ನೋಡಿ ಅಜ್ಜಿ." ಚಾವಿ ತಿರುಗಿಸಿದೆ. ಪಟದ ಮುಂದೆ ಬೆಳಕಾಯಿತು. ಆಮೇಲೆ ಸ್ಟಾರ್ಟರ್ ತುಳಿದೆ, ಎಂಜಿನ್ ಗುರ್ ಅಂತು.

"ಅಂದ್ರೆ ಮೊದ್ಲು ದೀಪ, ಆಮೇಲೆ ಗಾಡಿ?"

"ಹೂಂ. ದೀಪ ಹತ್ತದೇ ಗಾಡಿ ಏಳಾಂಗಿಲ್ಲ."

"ನಿಲ್ಸುವಾಗ?"

ಚಾವಿಯ ಮೇಲೆ ಕೈ ಇಟ್ಟೇ ಹೇಳಿದೆ. "ದೀಪಕ್ಕೆ ಯಾರೂ ಕೈ ಇಕ್ಕಲ್ಲ ಅಜ್ಜಿ. ಎಂಜಿನ್ ಮಲಗುತ್ತೆ, ಅದರ ಜೊತೆ ಇದೂ ಶಾಂತ ಆಗುತ್ತೆ. ನಮ್ಮನೆ ದೀಪದ ಎಣ್ಣೆ ಮುಗಿದಂಗೆ."

ಚಾವಿ ತೆಗೆದೆ. ಬೆಳಕು ಹೋಯಿತು. ಅಜ್ಜಿ ಮುಂದಕ್ಕೆ ಬಗ್ಗಿ ಬಲ್ಬನ್ನು ನೋಡಿದರು. ಆಮೇಲೆ, "ಇನ್ನೊಂದ್ಸಲ ಮಾಡು" ಅಂದರು. ಮಾಡಿದೆ. ಅವರು ಕೈ ಮುಗಿದು, ನನ್ನ ಕಡೆ ತಿರುಗಿ, "ಇದ್ನ ಮೊದ್ಲೇ ಮಾಡಾಕೆ ಏನಾಗಿತ್ಲಾ ನಿಂಗೆ?" ಅಂದರು. ಬೈಗುಳವೇ ಸರಿ, ಆದರೆ ನನಗೆ ಕಲ್ಲುಸಕ್ಕರೆಯ ಹಾಗೆ ಇಳಿಯಿತು.

ಮಾರನೇ ಬೆಳಿಗ್ಗೆ ಸಾಹುಕಾರರು ಬಾಗಿಲಲ್ಲಿ ನಿಂತಿದ್ದರು. ಹಮಾಲರು ಅಭ್ಯಾಸಬಲದಿಂದ ಲಾರಿಯ ಹಿಂದೆ ಹೋಗಿ ಕೈ ಒಡ್ಡಿದ್ದರು. ಚಾವಿ ತಿರುಗಿಸಿ ತುಳಿದೆ. ಮೊದಲ ತುಳಿತಕ್ಕೇ ಎಂಜಿನ್ ಎದ್ದು, ಹೊಗೆಯೆಲ್ಲ ಅವರ ಮುಖಕ್ಕೆ!

"ಥೂ ನಿನ್ನ! ಹೇಳ್ಬಾರ್ದೇನ್ಲಾ?"

ಸಾಹುಕಾರರಿಗೂ ನಗು ತಡೆಯಲಿಲ್ಲ. ಶಭಾಷ್ ಅನ್ನುವ ಜನವಲ್ಲ ಅವರು. ಕಿಟಕಿಯ ಹತ್ತಿರ ಬಂದು, "ಪಾವಗಡದಾಗೆ ಲೋಡು ಇಳಿಸಿ ಬೇಗ ಬಂದ್ಬುಡು. ನಾಳೆ ಕೊರಟಗೆರೆಗೆ ಹೋಗಬೇಕು, ನಾಡಿದ್ದು ಸಿರಾಕ್ಕೆ" ಅಂದರು.

ನಾಳೆಗೂ ನಾಡಿದ್ದಿಗೂ ಡ್ರೈವರ್ ನಾನೇ. ಹಾರ್ನ್ ಹೊಡೆದು ಹೊರಟೆ.